ಹಿಮ ಬೆಳ್ಳಗಿದೆ ಅಂತ ಗೊತ್ತು, ಮತ್ತೆ ಗುಂಡಿ ತೋಡಿ ಅಳೆಯೋದೇನನ್ನ?

ಪ್ರಶ್ನೆ: ಸರ್, ನಾನು ಎಂಎಸ್ಸಿ ಫಿಸಿಕ್ಸ್ ಓದ್ತಿದೀನಿ. ಆರ್ಕ್ಟಿಕ್ ತುಂಡ್ರಾದಲ್ಲಿ ಹಿಮದ ಕಾಳಿನ ಗಾತ್ರ ಅಳೆಯೋಕೆ ಇನ್‌ಫ್ರಾರೆಡ್ ಲೇಸರ್ ಬಳಸ್ತಾರೆ ಅಂತ ಎಲ್ಲೋ ಓದಿದೆ. ಹಿಮ ಹೇಗಿದ್ರೂ ಬೆಳ್ಳಗೇ ಇರತ್ತೆ, ಮೇಲಿಂದ ಸ್ಯಾಟಲೈಟ್ ಬೇರೆ ನೋಡ್ತಿರತ್ತೆ, ಹಂಗಿದ್ದಾಗ ಮೈನಸ್ ಮೂವತ್ತರ ಚಳೀಲಿ ಗುಂಡಿ ತೋಡಿ ಕೈಯಲ್ಲಿ ಅಳೆಯೋದು ಯಾಕೆ? ಕಾಳಿನ ಸೈಜಿಗೂ ಬೆಳಕು ವಾಪಸ್ ಬರೋದಕ್ಕೂ ಏನು ಸಂಬಂಧ? ಭೂತಗನ್ನಡಿ ಹಿಡಿದು ನೋಡಿದ್ರೆ ಸಾಲ್ದಾ? ಇಲ್ಲಿಂದ ಈ ಕೆಲಸಕ್ಕೆ ಹೋಗೋಕೆ ದಾರಿ ಇದ್ಯಾ?

ಉತ್ತರ: ಮೊದ್ಲು ಅಡುಗೆಮನೆಗೆ ಹೋಗಿ ಒಂದು ತುಂಡು ಕಲ್ಲುಸಕ್ಕರೆ ತಗೊಳ್ಳಿ. ಬೆಳಕಿಗೆ ಹಿಡಿದ್ರೆ ಹೆಚ್ಚುಕಮ್ಮಿ ಗಾಜಿನ ಥರ, ಆಚೆ ಕಾಣ್ಸತ್ತೆ. ಅದನ್ನೇ ಕುಟ್ಟಾಣಿಗೆ ಹಾಕಿ ಕುಟ್ಟಿ, ಬೆಳ್ಳಗಾಗೋಯ್ತು. ಬಿಳಿ ಬಣ್ಣ ಎಲ್ಲಿಂದ ಬಂತು? ಎಲ್ಲಿಂದಲೂ ಬಂದಿಲ್ಲ, ನೀವು ಮಾಡಿದ್ದು ಬರೀ ಹೊಸ ಹೊಸ ಮೈಗಳನ್ನ ಹುಟ್ಟಿಸಿದ್ದು ಅಷ್ಟೇ. ಗಾಳಿಯಿಂದ ಸಕ್ಕರೆಗೆ, ಸಕ್ಕರೆಯಿಂದ ಗಾಳಿಗೆ ದಾಟೋ ಪ್ರತಿ ಸಲಾನೂ ಬೆಳಕು ಸ್ವಲ್ಪ ತಿರುಗತ್ತೆ, ಹಂಗೆ ತಿರುಗಿ ತಿರುಗಿ ಕೊನೆಗೆ ಬಂದ ಕಡೆಗೇ ಆಚೆ ಬೀಳತ್ತೆ. ಹಿಮದ ಕಥೇನೂ ಇಷ್ಟೇ. ಐಸ್ ಕಣ್ಣಿಗೆ ಕಾಣೋ ಬೆಳಕನ್ನ ನುಂಗೋದೇ ಇಲ್ಲ ಅನ್ನೋಷ್ಟು ಕಮ್ಮಿ, ಅದಕ್ಕೆ ನೂರಾರು ಸಲ ತಿರುಗಿದ್ರೂ ಬೆಳಕು ಸುರಕ್ಷಿತವಾಗಿ ಹೊರಗೆ ಬರತ್ತೆ, ಕಾಳು ದಪ್ಪ ಇದ್ರೂ ಅಷ್ಟೇ ಸಣ್ಣ ಇದ್ರೂ ಅಷ್ಟೇ, ನೂರಕ್ಕೆ ತೊಂಬತ್ತೈದಕ್ಕಿಂತ ಜಾಸ್ತಿ ವಾಪಸ್ಸು. ನೀವು ಹೇಳಿದ್ದು ಸರಿ, ಹಿಮ ಹೇಗಿದ್ರೂ ಬೆಳ್ಳಗೇ ಇರತ್ತೆ. ತೊಂದ್ರೆ ಇರೋದೇ ಅದ್ರಲ್ಲಿ. ಎಲ್ಲಾ ಹಿಮಾನೂ ಒಂದೇ ಥರ ಬೆಳ್ಳಗೆ ಕಾಣ್ತಿದ್ರೆ ಆ ಬಿಳಿಯಿಂದ ನಮಗೆ ತಿಳಿಯೋದೇನು, ಮಣ್ಣು!

ಈಗ ಅದೇ ಹಿಮಕ್ಕೆ 1310 ನ್ಯಾನೋಮೀಟರಿನ ಇನ್‌ಫ್ರಾರೆಡ್ ಬೆಳಕು ಹಾಕಿ. ಆ ಬೆಳಕನ್ನ ಐಸ್ ಚೆನ್ನಾಗೇ ನುಂಗತ್ತೆ. ಕಾಳು ದಪ್ಪ ಇದ್ರೆ ಪ್ರತಿ ತಿರುವಿಗೂ ಬೆಳಕು ಐಸ್ ಒಳಗೆ ಜಾಸ್ತಿ ದೂರ ನಡೀಬೇಕು, ಜಾಸ್ತಿ ನುಂಗಿಸ್ಕೊಳತ್ತೆ, ಸಣ್ಣ ಕಾಳಿದ್ರೆ ಬೇಗ ಬೇಗ ತಿರುಗಿ ಆಚೆ ಬಂದ್ಬಿಡತ್ತೆ. ಲೆಕ್ಕ ಹಾಕಿದ್ರೆ ಆಗಷ್ಟೇ ಬಿದ್ದ ಹಿಮ ಈ ಬೆಳಕನ್ನ ನೂರಕ್ಕೆ ಅರವತ್ತರ ಹತ್ರ ವಾಪಸ್ ಕೊಡತ್ತೆ, ತುಂಡ್ರಾದ ತಳದಲ್ಲಿರೋ ದಪ್ಪ ಹರಳಿನ ಹಿಮ ಮೂವತ್ತರ ಆಸುಪಾಸು. ಕಣ್ಣಿಗೆ ಒಂದೇ ಥರ ಕಾಣೋ ಎರಡು ಹಿಮ, ಇಲ್ಲಿ ಅರ್ಧಕ್ಕರ್ಧ ಬೇರೆ. ಹಂಗಾಗಿ ಹಿಮ ಬೆಳ್ಳಗಿರೋ ಕಡೆ ಬಿಟ್ಟು ಅದು ಕಪ್ಪಾಗೋಕೆ ಶುರುವಾಗೋ ಕಡೆ ಬೆಳಕು ಹಾಕಿ ನೋಡ್ತೀವಿ. ಇದು ಬರೀ ಲ್ಯಾಬಿನ ತಮಾಷೆ ಅಂದ್ಕೋಬೇಡಿ, ಸೂರ್ಯನಿಂದ ಬರೋ ಶಕ್ತೀಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ಡೇ, ಅದ್ರಲ್ಲಿ ಎಷ್ಟನ್ನ ಹಿಮ ಇಟ್ಕೊಳತ್ತೆ ಅನ್ನೋದನ್ನ ತೀರ್ಮಾನ ಮಾಡೋದು ಮುಖ್ಯವಾಗಿ ಈ ಕಾಳುಗಳೇ.

ಕಾಳಿನ ಸೈಜು ಅಂತ ನಾನೂ ಹೇಳ್ತಿದೀನಿ, ಆದ್ರೆ ನಾವು ನಿಜವಾಗಿ ಅಳೆಯೋದು ಸ್ಪೆಸಿಫಿಕ್ ಸರ್ಫೇಸ್ ಏರಿಯಾ, ಎಲ್ರೂ ಎಸ್‌ಎಸ್‌ಎ ಅಂತಾರೆ. ಒಂದು ಕೆಜಿ ಹಿಮ ತಗೊಂಡು ಅದ್ರೊಳಗೆ ಐಸಿಗೂ ಗಾಳಿಗೂ ತಾಗೋ ಮೈಯನ್ನೆಲ್ಲ ಬಿಡಿಸಿ ನೆಲಕ್ಕೆ ಹಾಸಿದ್ರೆ ಎಷ್ಟು ಜಾಗ ಆಗತ್ತೆ ಅನ್ನೋ ಲೆಕ್ಕ. ಹೊಸ ಹಿಮ ಅರವತ್ತು ಚದರ ಮೀಟರ್ ಅಂದ್ರೆ ನಮ್ಮ ಮೂವತ್ತು-ನಲವತ್ತರ ಸೈಟಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ತಳದ ದಪ್ಪ ಹರಳಿನದು ಹತ್ತು ಚದರ ಮೀಟರ್, ಅಂದ್ರೆ ಹತ್ತಡಿ-ಹತ್ತಡಿ ರೂಮು. ಒಂದೇ ತೂಕ, ಒಂದೇ ಐಸು, ಅಷ್ಟು ವ್ಯತ್ಯಾಸ.

ಭೂತಗನ್ನಡಿ ಸಾಲ್ದಾ ಅಂತ ಕೇಳಿದ್ರಿ. ಬಹಳ ವರ್ಷ ಅದರಲ್ಲೇ ನಡೀತು, ಈಗ್ಲೂ ನನ್ನ ಜೇಬಲ್ಲಿ ಒಂದು ಇರತ್ತೆ, ಮಿಲಿಮೀಟರ್ ಗೆರೆ ಹಾಕಿರೋ ಕಪ್ಪು ಕಾರ್ಡಿನ ಮೇಲೆ ಹರಳು ಉದುರಿಸಿ ನೋಡೋದು. ಹರಳಿನ ಆಕಾರ ಗುರುತಿಸೋಕೆ ಅದಕ್ಕಿಂತ ಒಳ್ಳೇದು ಇಲ್ಲ. ಸೈಜಿಗೆ ಬಂದ್ರೆ ಮಾತ್ರ ಇಬ್ರು ನೋಡಿದ್ರೆ ಎರಡು ನಂಬರು, ನಂಗೆ ಎರಡು ಮಿಲಿಮೀಟರ್ ಕಂಡಿದ್ದು ಪಕ್ಕದೋರಿಗೆ ಮೂರು. ಅದಕ್ಕಿಂತ ದೊಡ್ಡ ಸಮಸ್ಯೆ ಅಂದ್ರೆ ತಳದ ಹರಳುಗಳು ಟೊಳ್ಳು, ಬಟ್ಟಲಿನ ಥರ, ಮೈಮೇಲೆ ಮೆಟ್ಟಿಲು ಮೆಟ್ಟಿಲು ಗೆರೆ. ಹೊರಗಿಂದ ಅಳೆದ್ರೆ ನಾಲ್ಕು ಮಿಲಿಮೀಟರ್, ಆದ್ರೆ ಬಟ್ಟಲಿನ ಗೋಡೆ ತೆಳ್ಳಗಿರತ್ತೆ, ಬೆಳಕಿಗೆ ಬೇಕಾಗಿರೋದು ಆ ಗೋಡೆ. ಎಸ್‌ಎಸ್‌ಎ ಹತ್ತು ಬಂದ್ರೆ ಅದನ್ನ ಗುಂಡು ಕಾಳಿಗೆ ಹೋಲಿಸಿದಾಗ ವ್ಯಾಸ ಬರೋದು 0.65 ಮಿಲಿಮೀಟರ್ ಮಾತ್ರ. ನಾಲ್ಕೆಲ್ಲಿ, 0.65 ಎಲ್ಲಿ! ಎರಡೂ ಸುಳ್ಳಲ್ಲ, ಬೇರೆ ಬೇರೆ ಪ್ರಶ್ನೆಗೆ ಬಂದ ಉತ್ತರಗಳು.

ಈಗ ಜಾಗಕ್ಕೆ ಬರೋಣ. ನಾನು ಹೆಚ್ಚು ಕೆಲಸ ಮಾಡಿರೋದು ಕೆನಡಾದ ವಾಯವ್ಯ ಮೂಲೇಲಿ, ಟ್ರೇಲ್ ವ್ಯಾಲಿ ಕ್ರೀಕ್ ಅಂತ, ಇನೂವಿಕ್ ಊರಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್. ಕಾಡು ಮುಗಿದು ಬಯಲು ಶುರುವಾಗೋ ಅಂಚು ಅದು, ಹಳ್ಳದ ಬದೀಲಿ ಪೊದೆ, ಮೇಲೆ ಹತ್ತಿದ್ರೆ ಬರೀ ಗುಪ್ಪೆ ಗುಪ್ಪೆಯಾಗಿ ಬೆಳೆದ ಹುಲ್ಲುಗಡ್ಡೆ, ಕಲ್ಲುಹೂವು, ಗಾಳಿ. ದಶಕಗಳಿಂದ ಅಲ್ಲಿ ಹಿಮದ ಅಳತೆ ನಡೀತಿದೆ. ಮೊದಲ ಸಲ ಹೋದಾಗ ಹಿಮ ಅಂದ್ರೆ ಸೊಂಟದವರೆಗೆ ಹೂತೋಗೋದು ಅಂದ್ಕೊಂಡಿದ್ದೆ, ಅಲ್ಲಿ ನೋಡಿದ್ರೆ ಬಯಲಲ್ಲಿ ಮೊಣಕಾಲಿಗೂ ಬರಲ್ಲ, ಮೂವತ್ತು ನಲವತ್ತು ಸೆಂಟಿಮೀಟರ್, ಅದ್ರ ಮೇಲೆ ಬೂಟು ಹಾಕ್ಕೊಂಡು ಸಿಮೆಂಟ್ ನೆಲದ ಮೇಲೆ ನಡೆದ ಹಾಗೆ ನಡೀಬಹುದು. ಆರ್ಕ್ಟಿಕ್ ಹಿಮ ಅಂದ್ರೆ ಬಹಳ ಹಿಮ ಅಲ್ಲ, ತೆಳ್ಳಗಿನ ಹಿಮ, ಬಹಳ ಕಾಲ ಇರೋ ಹಿಮ.

ಸಲಿಕೆ ಹಾಕಿ ಒಂದು ಗೋಡೆ ನೇರವಾಗಿ ಕತ್ತರಿಸಿದ್ರೆ ಎರಡು ಪದರ ಕಾಣತ್ತೆ. ಮೇಲಿಂದು ಗಾಳಿ ಬಡಿದು ಗಟ್ಟಿ ಮಾಡಿದ್ದು, ಗಾಳಿ ಪದರ ಅನ್ನೋಣ. ಗಾಳಿ ಹಿಮದ ಹಕ್ಕಳೆಗಳನ್ನ ಎಳೆದಾಡಿ ಪುಡಿ ಮಾಡಿ, ಆ ಪುಡಿ ಒತ್ತಾಗಿ ಕೂತು ಕೆಲವೇ ಗಂಟೇಲಿ ಒಂದಕ್ಕೊಂದು ಬೆಸೆದುಬಿಡತ್ತೆ. ಚಿರೋಟಿ ರವೆ ಒತ್ತಿ ಒತ್ತಿ ಡಬ್ಬಿಗೆ ತುಂಬಿದ ಹಾಗೆ. ಇನ್ಯುಯಿಟ್ ಜನ ಇಗ್ಲೂ ಕಟ್ಟೋಕೆ ಇಂಥ ಗಟ್ಟಿ ಹಿಮಾನೇ ಇಟ್ಟಿಗೆ ಥರ ಕೊಯ್ಯೋದು. ತೂಕ ಘನಮೀಟರಿಗೆ 350 ಕೆಜಿ ದಾಟಿರತ್ತೆ. ಕೆಳಗಿನ ಪದರ ಪೂರ್ತಿ ಉಲ್ಟಾ, ಕೈ ಹಾಕಿದ್ರೆ ಕಲ್ಲುಸಕ್ಕರೆ ಚೂರಿನ ಥರ ಜರ್ ಅಂತ ಸುರಿಯತ್ತೆ, ತೂಕ 200ರಿಂದ 300ರ ಒಳಗೆ. ಇಂಗ್ಲಿಷಲ್ಲಿ ಡೆಪ್ತ್ ಹೋರ್ ಅಂತಾರೆ, ಆ ಕಡೆಯ ಜನರ ಭಾಷೇಲಿ ಪುಕಕ್, ವಿಜ್ಞಾನಿಗಳೂ ಆ ಪದ ಬಳಸ್ತಾರೆ. ಲೆಮ್ಮಿಂಗ್ ಅನ್ನೋ ಮೋಟು ಬಾಲದ ಇಲಿಗಳು ಚಳಿಗಾಲ ಪೂರ್ತಿ ಈ ಪದರದಲ್ಲೇ ಓಣಿ ಮಾಡ್ಕೊಂಡು ಓಡಾಡ್ತವೆ, ಗುಂಡಿ ತೋಡಿದಾಗ ಅದ್ರ ಸುರಂಗ ಸಿಕ್ಕಿದ್ರೆ ಆ ಗೋಡೆ ಬಿಟ್ಟು ಇನ್ನೊಂದು ತೋಡ್ಬೇಕು, ನಮ್ಮ ಟೈಮ್ ವೇಸ್ಟು ಅವುಗಳ ಮನೆ ಹಾಳು.

ತಳ ಯಾಕೆ ಹಿಂಗಾಗತ್ತೆ ಅಂದ್ರೆ, ಚಳಿಗಾಲದ ಶುರುವಲ್ಲಿ ನೆಲ ಇನ್ನೂ ಬೆಚ್ಚಗಿರತ್ತೆ, ಬೆಚ್ಚಗೆ ಅಂದ್ರೆ ಮೈನಸ್ ಐದು ಅಂತಿಟ್ಕೊಳ್ಳಿ, ಮೇಲೆ ಗಾಳಿ ಮೈನಸ್ ಮೂವತ್ತು. ನಡುವೆ ಇಪ್ಪತ್ತು ಸೆಂಟಿಮೀಟರ್ ಹಿಮ. ಮೀಟರಿಗೆ ಲೆಕ್ಕ ಹಾಕಿದ್ರೆ ಉಷ್ಣಾಂಶದಲ್ಲಿ 125 ಡಿಗ್ರಿ ಇಳಿಜಾರು, ಇಂಥ ಹರಳು ಬೆಳೆಯೋಕೆ ಮೀಟರಿಗೆ ಇಪ್ಪತ್ತು ಡಿಗ್ರಿ ಸಾಕು ಅಂತಾರೆ, ಅಲ್ಲಿ ಅದರ ಆರು ಪಟ್ಟು. ಕೆಳಗಿನ ಬೆಚ್ಚಗಿನ ಕಾಳಿಂದ ಆವಿ ಎದ್ದು ಮೇಲಿನ ತಣ್ಣಗಿನ ಕಾಳಿನ ತಳಕ್ಕೆ ಹೋಗಿ ಅಂಟತ್ತೆ, ಇಡ್ಲಿ ಪಾತ್ರೆ ಮುಚ್ಚಳದ ಒಳಗೆ ನೀರು ಕೂರೋ ಹಾಗೇನೇ, ಇಲ್ಲಿ ನೀರಿನ ಬದಲು ನೇರವಾಗಿ ಐಸ್ ಆಗಿ. ತಿಂಗಳುಗಟ್ಟಲೆ ಹಿಂಗೇ ನಡೆದು ಸಣ್ಣ ಕಾಳೆಲ್ಲ ಆವಿಯಾಗಿ ದೊಡ್ಡ ಟೊಳ್ಳು ಹರಳು ಉಳಿಯತ್ತೆ, ತಳದ ಸರಕು ಮೇಲಕ್ಕೆ ಸಾಗಿ ತಳ ಹಗುರ ಆಗತ್ತೆ.

ಅಳೆಯೋ ಕ್ರಮ ಹೇಳ್ತೀನಿ. ಗೋಡೆ ಬಿಸಿಲಿಗೆ ಬೆನ್ನು ಮಾಡಿರ್ಬೇಕು, ಇಲ್ಲಾಂದ್ರೆ ಅಳೆಯೋ ಹೊತ್ತಿಗೆ ಹಿಮಾನೇ ಬದಲಾಗತ್ತೆ. ಸಲಿಕೆ, ಚಾಕು, ಡಬ್ಬಿ ಎಲ್ಲಾನೂ ಮೊದ್ಲೇ ಹಿಮದಲ್ಲಿ ಹೂತು ತಣ್ಣಗೆ ಮಾಡ್ಬೇಕು. ಉಷ್ಣಾಂಶ, ಪದರಗಳ ಗಡಿ, ನೂರು ಘನ ಸೆಂಟಿಮೀಟರಿನ ಸ್ಟೀಲ್ ಡಬ್ಬಿ ಚುಚ್ಚಿ ತೂಕ, ಇವೆಲ್ಲ ಆದ್ಮೇಲೆ ಎಸ್‌ಎಸ್‌ಎ. ಹಿಂದೆ ಇದಕ್ಕೆ ಹಿಮದ ಸ್ಯಾಂಪಲ್ಲನ್ನ ಲಿಕ್ವಿಡ್ ನೈಟ್ರೋಜನ್ನಿನ ಚಳೀಲಿಟ್ಟು ಅದರ ಮೈಮೇಲೆ ಎಷ್ಟು ಮೀಥೇನ್ ಅಂಟತ್ತೆ ಅಂತ ನೋಡೋರು, ಬಹಳ ನಿಖರ, ಆದ್ರೆ ಒಂದೊಂದು ಸ್ಯಾಂಪಲ್ಲಿಗೆ ಗಂಟೆಗಟ್ಟಲೆ. 2009ರಲ್ಲಿ ಫ್ರಾನ್ಸಿನ ಗುಂಪೊಂದು ಲೇಸರ್ ಮತ್ತು ಗೋಳದ ವಿಧಾನ ಪ್ರಕಟ ಮಾಡ್ತು, ಅದರಿಂದ ಐಸ್‌ಕ್ಯೂಬ್ ಅನ್ನೋ ಉಪಕರಣ ಬಂತು. ಅಂಟಾರ್ಕ್ಟಿಕಾದಲ್ಲಿ ನ್ಯೂಟ್ರಿನೋ ಹಿಡಿಯೋ ಐಸ್‌ಕ್ಯೂಬ್ ಬೇರೆ, ನಮ್ಮದು ಹೊತ್ಕೊಂಡು ಹೋಗೋ ಪೆಟ್ಟಿಗೆ. ಕೆನಡಾದ ಶೆರ್‌ಬ್ರೂಕ್ ವಿಶ್ವವಿದ್ಯಾಲಯದೋರು ಐರಿಸ್ ಅಂತ ತಮ್ಮದೇ ಒಂದನ್ನ ಮಾಡ್ಕೊಂಡ್ರು, ತತ್ವ ಒಂದೇ.

ಒಳಗೆ ಬಿಳಿ ಬಳಿದಿರೋ ಟೊಳ್ಳು ಗೋಳ, ಮೇಲಿಂದ 1310 ನ್ಯಾನೋಮೀಟರ್ ಲೇಸರ್, ಕೆಳಗಿನ ಕಿಂಡಿಗೆ ಹಿಮದ ಬಟ್ಟಲು. ಹಿಮದಿಂದ ಎದ್ದ ಬೆಳಕು ಗೋಳದೊಳಗೆ ಎಲ್ಲಾ ಕಡೆ ಹರಡತ್ತೆ, ಬದೀಲಿರೋ ಫೋಟೋಡಯೋಡ್ ಅದನ್ನ ವೋಲ್ಟೇಜ್ ಮಾಡತ್ತೆ. ಆ ವೋಲ್ಟೇಜಿಗೆ ಅರ್ಥ ಬರೋಕೆ ನೂರಕ್ಕೆ ಐದರಿಂದ ತೊಂಬತ್ತೊಂಬತ್ತರವರೆಗೆ ಬೆಳಕು ವಾಪಸ್ ಕೊಡೋ ಸ್ಪೆಕ್ಟ್ರಲಾನ್ ಬಿಲ್ಲೆಗಳನ್ನ ಒಂದಾದ ಮೇಲೊಂದು ಇಟ್ಟು ಗ್ರಾಫ್ ಮಾಡ್ಕೋಬೇಕು, ಗುಂಡಿ ಶುರುವಾಗೋಕೆ ಮುಂಚೆ ಒಂದ್ಸಲ, ಮುಗಿದ ಮೇಲೆ ಇನ್ನೊಂದ್ಸಲ. ನಾನು ಮೊದಲ ವರ್ಷ ಎರಡನೇದನ್ನ ಮಾಡ್ದೇ ಇದ್ದಿದ್ದಕ್ಕೆ ಅನುಭವಿಸಿದೆ. ಗೋಳದ ಕಿಂಡಿ ಹತ್ರ ಬಗ್ಗಿ ಬಟ್ಟಲು ಸರಿಯಾಗಿ ಕೂತಿದ್ಯಾ ಅಂತ ನೋಡ್ತಾ ನೋಡ್ತಾ ಉಸಿರು ಬಿಟ್ಟಿದೀನಿ, ಆ ಉಸಿರು ಒಳಗೆ ಹೋಗಿ ಗೋಡೆ ಮೇಲೆ ಸಣ್ಣ ಐಸ್ ಪುಡಿಯಾಗಿ ಕೂತಿದೆ, ಐಸ್ ಈ ಬೆಳಕನ್ನ ನುಂಗತ್ತೆ ಅಂತ ಈಗಷ್ಟೇ ನಿಮಗೆ ಪಾಠ ಹೇಳಿದ್ನಲ್ಲ, ಅಲ್ಲಿಂದಾಚೆ ಎಲ್ಲಾ ರೀಡಿಂಗೂ ಇಳೀತಾ ಹೋಗಿದೆ. ಗಾಳಿ ಪದರಕ್ಕೆ ಎಸ್‌ಎಸ್‌ಎ ತಳದ ದಪ್ಪ ಹರಳಿಗಿಂತಲೂ ಕಮ್ಮಿ, ಬರೀ ಆರು ಬಂದಾಗ ಸಂಜೆ ಟೆಂಟಲ್ಲಿ ಎಲ್ರೂ ನನ್ನ ಮುಖ ನೋಡಿದ್ರು. ಒಂದು ದಿನದ ಮೂರು ಗುಂಡಿ ಕಸದ ಬುಟ್ಟಿಗೆ. ಆಮೇಲಿಂದ ಮುಖಕ್ಕೆ ಬಟ್ಟೆ ಸುತ್ಕೊಂಡೇ ಕೆಲಸ.

ಗಾಳಿ ಪದರ ಅಳೆಯೋದು ಸುಲಭ, ಅಚ್ಚು ಒತ್ತಿದ್ರೆ ಮೈಸೂರ್‌ಪಾಕ್ ಥರ ಅಂಚು ನೀಟಾಗಿ ಬರತ್ತೆ. ಪುಕಕ್ಕಿಗೆ ಬಂದ್ರೆ ಅಚ್ಚಿಂದ ತೆಗೆಯೋ ಮುಂಚೆ ಸುರಿದೋಗತ್ತೆ. ಆಗ ಜನ ಮಾಡೋ ತಪ್ಪು, ಚೂರನ್ನೇ ಬಟ್ಟಲಿಗೆ ತುಂಬಿ ಮೇಲೆ ಚಾಕುವಿಂದ ಸವರಿ ಸಪಾಟು ಮಾಡೋದು. ಸವರಿದ್ರೆ ಹರಳು ಒಡೆದು ಪುಡಿ ಆಗತ್ತೆ, ಕುಟ್ಟಿದ ಕಲ್ಲುಸಕ್ಕರೆ ನೆನಪು ಮಾಡ್ಕೊಳ್ಳಿ, ಹೊಸ ಮೈ ಹುಟ್ಟತ್ತೆ, ನಂಬರು ಜಾಸ್ತಿ ಬರತ್ತೆ. ಸವರದೇ ಇದ್ರೆ ಮೇಲ್ಮೈ ಏರುಪೇರು. ಅದೂ ಅಲ್ದೆ ದಪ್ಪ ಹಗುರ ಹಿಮದಲ್ಲಿ ಬೆಳಕು ಆಳಕ್ಕೆ ಇಳಿಯತ್ತೆ, ಬಟ್ಟಲು ಎರಡೂವರೆ ಸೆಂಟಿಮೀಟರ್ ಆಳ, ತಳ ಮುಟ್ಟಿದ್ರೆ ಬಟ್ಟಲಿನ ಬಣ್ಣಾನೂ ಲೆಕ್ಕಕ್ಕೆ ಸೇರತ್ತೆ. ಒಳ್ಳೇ ಸ್ಯಾಂಪಲ್ಲಿಗೆ ನೂರಕ್ಕೆ ಹತ್ತರಷ್ಟು ತಪ್ಪು ಅಂತ ಒಪ್ಕೊಂಡಿದಾರೆ, ಪುಕಕ್ಕಿಗೆ ಅಷ್ಟರಲ್ಲೇ ಮುಗಿಯತ್ತೆ ಅಂತ ನಾನಂತೂ ಬಾಜಿ ಕಟ್ಟಲ್ಲ. ತುಂಡ್ರಾ ಹಿಮದಲ್ಲಿ ನಮಗೆ ತುಂಬಾ ಬೇಕಾಗಿರೋ ಪದರಾನೇ ಉಪಕರಣಕ್ಕೆ ತುಂಬಾ ಆಗದೇ ಇರೋ ಪದರ.

ಇನ್ನೊಂದು ತಲೆನೋವು, ಒಂದು ಗುಂಡಿಗೆ ಎರಡು ಗಂಟೆ ಹಿಡಿಯತ್ತೆ, ಆದ್ರೆ ಮೂರು ಹೆಜ್ಜೆ ಆಚೆ ಹಿಮ ಬೇರೇನೇ. ಹುಲ್ಲುಗಡ್ಡೆ ನೆತ್ತಿ ಮೇಲೆ ಬರೀ ಗಾಳಿ ಪದರ, ಎರಡು ಗಡ್ಡೆ ನಡುವಿನ ತಗ್ಗಲ್ಲಿ ಮೊಣಕೈ ಉದ್ದ ಪುಕಕ್. ಇದಕ್ಕೆ ಸ್ವಿಟ್ಜರ್ಲೆಂಡಿನ ದಾವೋಸ್ ಸಂಸ್ಥೇಲಿ ಹುಟ್ಟಿದ ಸ್ನೋ ಮೈಕ್ರೋಪೆನ್ ಬಳಸ್ತೀವಿ. ಐದು ಮಿಲಿಮೀಟರ್ ಅಗಲದ ಚೂಪು ಮೂತಿ ಇರೋ ಕೋಲು, ಮೋಟಾರು ಅದನ್ನ ಸೆಕೆಂಡಿಗೆ ಎರಡು ಸೆಂಟಿಮೀಟರ್ ವೇಗದಲ್ಲಿ ಕೆಳಗಿಳಿಸತ್ತೆ, ಪ್ರತಿ ಮಿಲಿಮೀಟರಿಗೆ ಇನ್ನೂರು ಚಿಲ್ಲರೆ ಸಲ ಹಿಮ ಎಷ್ಟು ತಡೀತು ಅಂತ ಬರ್ಕೊಳತ್ತೆ. ಹರಳುಗಳ ಬೆಸುಗೆ ಪಟ್ ಪಟ್ ಅಂತ ಒಡೆಯೋದನ್ನೇ ಕೇಳಿಸ್ಕೊಂಡ ಹಾಗೆ. ಆ ಗೆರೆಯಿಂದ ಸಾಂದ್ರತೆ, ಎಸ್‌ಎಸ್‌ಎ ಎರಡನ್ನೂ ಅಂದಾಜು ಮಾಡಬಹುದು, ಆದ್ರೆ ಆಲ್ಪ್ಸ್ ಹಿಮಕ್ಕೆ ಮಾಡಿದ ಸೂತ್ರ ಇಲ್ಲಿಗೆ ಹಾಗೇ ಕೂರಲ್ಲ, ಪಕ್ಕದಲ್ಲಿ ಗುಂಡಿ ತೋಡಿ ಸೂತ್ರ ತಿದ್ಬೇಕು. ಗುಂಡಿ ತಪ್ಪಲ್ಲ ನೋಡಿ. ಮೂತಿ ಹೋಗಿ ಹೆಪ್ಪುಗಟ್ಟಿದ ನೆಲಕ್ಕೆ ಗುದ್ದಿದ್ರೆ ಸೆನ್ಸರ್ ಢಮಾರ್, ತುಂಡ್ರಾದಲ್ಲಿ ಆಳ ಇಷ್ಟೇ ಅಂತ ಮೊದ್ಲೇ ಗೊತ್ತಿರಲ್ಲ, ಪ್ರತಿ ಸಲಾನೂ ಎದೆ ಡವಡವ.

ಮೇಲ್ಮೈಯಿಂದ ವಾಪಸ್ ಬರೋ ಬೆಳಕು ಅಳೆಯೋದು ಬೇರೆ ಕಸರತ್ತು. 350ರಿಂದ 2500 ನ್ಯಾನೋಮೀಟರ್ ನೋಡೋ ಸ್ಪೆಕ್ಟ್ರೋಮೀಟರ್ ಬೆನ್ನಿಗೆ ಹಾಕ್ಕೊಂಡು, ಒಂದ್ಸಲ ಬಿಳಿ ಫಲಕ, ಒಂದ್ಸಲ ಹಿಮ, ಎರಡನ್ನೂ ಭಾಗಿಸೋದು. ಕೇಳೋಕೆ ಸಲೀಸು. ಮಾರ್ಚ್ ಕೊನೇಲಿ ಅಲ್ಲಿ ನಡುಮಧ್ಯಾಹ್ನಾನೂ ಸೂರ್ಯ ದಿಗಂತದಿಂದ ಇಪ್ಪತ್ಮೂರರಿಂದ ಇಪ್ಪತ್ತೈದು ಡಿಗ್ರಿ ಮೇಲಿರ್ತಾನೆ ಅಷ್ಟೇ. ಬೆಳಕು ಅಷ್ಟು ಓರೆಯಾಗಿ ಬೀಳೋವಾಗ ಫಲಕ ಸೂರ್ಯನ ಕಡೆಗೆ ಬರೀ ಎರಡು ಡಿಗ್ರಿ ವಾಲಿದ್ರೆ ನೂರಕ್ಕೆ ಎಂಟರಷ್ಟು ತಪ್ಪು. ನಾವು ಹುಡುಕ್ತಿರೋ ವ್ಯತ್ಯಾಸ ಎಷ್ಟೋ ಸಲ ಅದಕ್ಕಿಂತ ಕಮ್ಮಿ. ಗಾಳಿ ಕೆತ್ತಿದ ಹಿಮದ ಏಣುಗಳು ನೆರಳು ಬೀಳಿಸ್ತವೆ, ನಮ್ಮ ಮೈ ನೆರಳು ಬೇರೆ, ಕಿತ್ತಳೆ ಬಣ್ಣದ ಜಾಕೆಟ್ಟು ಹಿಮದ ಮೇಲೆ ತನ್ನ ಬಣ್ಣ ಚೆಲ್ಲತ್ತೆ. ಒಂದೇ ಸಮ ಮೋಡ ಕವಿದ ದಿನ ಬಂದ್ರೆ ನಮಗೆ ಹಬ್ಬ, ಊರಲ್ಲಿ ಯಾರಿಗಾದ್ರೂ ಹೇಳಿದ್ರೆ ನಗ್ತಾರೆ.

ಸ್ಯಾಟಲೈಟ್ ಪ್ರಶ್ನೆ. ಕಣ್ಣಿನ ಥರ ನೋಡೋ ಸ್ಯಾಟಲೈಟ್‌ಗಳು, ಉದಾಹರಣೆಗೆ ಸೆಂಟಿನೆಲ್-3, ತನ್ನ 1020 ನ್ಯಾನೋಮೀಟರ್ ಬ್ಯಾಂಡಿಂದ ಹಿಮದ ಕಾಳು ಅಂದಾಜು ಮಾಡತ್ತೆ, ಆದ್ರೆ ಅದು ಮೇಲಿನ ಕೆಲವು ಸೆಂಟಿಮೀಟರ್ ಮಾತ್ರ. ಪುಕಕ್ ಅದಕ್ಕೆ ಕಾಣ್ಸೋದೇ ಇಲ್ಲ. ಒಳಗೆ ನುಗ್ಗೋಕೆ ಮೈಕ್ರೋವೇವ್ ಬೇಕು, 17 ಗಿಗಾಹರ್ಟ್ಸ್ ಅಂದ್ರೆ ಅಲೆಯ ಉದ್ದ ಎರಡು ಸೆಂಟಿಮೀಟರ್ ಹತ್ರ. ಅದು ಹಿಮ ಜಾಸ್ತಿ ಇದ್ರೂ ಹೆಚ್ಚು ಚದುರತ್ತೆ, ಹರಳು ದಪ್ಪ ಇದ್ರೂ ಹೆಚ್ಚು ಚದುರತ್ತೆ. ಮೇಲಿರೋ ರಾಡಾರಿಗೆ ಸಿಗೋದು ಒಂದೇ ನಂಬರು, ಬಹಳ ಹಿಮಾನಾ ಇಲ್ಲಾ ದಪ್ಪ ಹರಳಾ ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು? ಹೇಳೋದು ಕೆಳಗೆ ಗುಂಡೀಲಿ ಕೂತಿರೋರು. ಕೆನಡಾದೋರು ಹಿಮದ ತೂಕ ಅಳೆಯೋಕೆ ಇಂಥ ರಾಡಾರ್ ಸ್ಯಾಟಲೈಟ್ ಹಾರಿಸೋ ಯೋಜನೆ ಇಟ್ಕೊಂಡು ಟ್ರೇಲ್ ವ್ಯಾಲಿ ಕ್ರೀಕಲ್ಲಿ ವಿಮಾನದಿಂದ ರಾಡಾರ್ ಹಾಕಿ, ಅದೇ ಹೊತ್ತಿಗೆ ಕೆಳಗೆ ಗುಂಡಿ ತೋಡಿಸಿದ್ದು ಇದಕ್ಕೇ.

ಕಂಪ್ಯೂಟರ್ ಮಾಡೆಲ್ ಇದ್ಯಲ್ಲ ಅಂತೀರಿ. ಫ್ರಾನ್ಸಿನ ಕ್ರೋಕಸ್, ಸ್ವಿಸ್ಸಿನ ಸ್ನೋಪ್ಯಾಕ್, ಎರಡೂ ಹುಟ್ಟಿದ್ದು ಆಲ್ಪ್ಸಿನ ಹಿಮಕುಸಿತದ ಮುನ್ಸೂಚನೆಗೆ, ಅಲ್ಲಿ ಅವು ಚೆನ್ನಾಗೇ ನಡೀತವೆ. ತುಂಡ್ರಾಗೆ ತಂದ್ರೆ ಪದರಾನೇ ತಲೆಕೆಳಗು, ಮೇಲೆ ಹಗುರ ಕೆಳಗೆ ಭಾರ ಅಂತ ತೋರಿಸ್ತವೆ, ಯಾಕಂದ್ರೆ ಮೇಲಿನ ಭಾರಕ್ಕೆ ಕೆಳಗಿನದು ಕುಗ್ಗತ್ತೆ ಅನ್ನೋದು ಅವಕ್ಕೆ ಗೊತ್ತು, ತಳದ ಸರಕು ಆವಿಯಾಗಿ ಮೇಲಕ್ಕೆ ಹೋಗೋದು ಗೊತ್ತಿರ್ಲಿಲ್ಲ. ಇದು ಸಣ್ಣ ತಪ್ಪಲ್ಲ. ಪುಕಕ್ ಶಾಖವನ್ನ ಬಿಟ್ಕೊಡಲ್ಲ, ನೆಲಕ್ಕೆ ಹೊದಿಸಿದ ಕಂಬಳಿ ಅದು, ಗಾಳಿ ಪದರ ಅದಕ್ಕಿಂತ ಹಲವು ಪಟ್ಟು ಸಲೀಸಾಗಿ ಶಾಖ ಬಿಡತ್ತೆ. ತಿರುಗಾಮುರುಗಾ ಆದ್ರೆ ಕೆಳಗಿನ ಪರ್ಮಾಫ್ರಾಸ್ಟ್, ಅಂದ್ರೆ ವರ್ಷಗಟ್ಟಲೆ ಹೆಪ್ಪುಗಟ್ಟೇ ಇರೋ ನೆಲ, ಅದರ ಉಷ್ಣಾಂಶದ ಲೆಕ್ಕ ತಪ್ಪತ್ತೆ, ಅದರೊಳಗೆ ಕೂತಿರೋ ಕಾರ್ಬನ್ನಿನ ಲೆಕ್ಕಾನೂ ತಪ್ಪತ್ತೆ. ಗುಂಡಿ ತೋಡಿದೋರು ಮತ್ತೆ ಮತ್ತೆ ಅದೇ ಎರಡು ಪದರ ತೋರಿಸಿದ ಮೇಲೇ ಮಾಡೆಲ್‌ನೋರು ಆವಿ ಮತ್ತು ಗಾಳಿಯ ಸಮೀಕರಣಗಳನ್ನ ತಿದ್ದೋಕೆ ಕೂತಿದ್ದು.

ಇಲ್ಲಿಂದ ಹೋಗೋ ದಾರಿ ಕೇಳಿದ್ರಿ. ಗೋವಾದಲ್ಲಿರೋ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ 2008ರಿಂದ ನಾರ್ವೆಯ ಆರ್ಕ್ಟಿಕ್ ದ್ವೀಪಗಳಾದ ಸ್ವಾಲ್‌ಬಾರ್ಡಿನ ನೀ-ಓಲೆಸುಂಡಲ್ಲಿ ಹಿಮಾದ್ರಿ ಅನ್ನೋ ಸಂಶೋಧನಾ ನೆಲೆ ನಡೆಸ್ತಿದೆ, ಆದ್ರೆ ಅಲ್ಲಿ ಸಮುದ್ರದ ಬಿಸುಪು, ಚಳಿಗಾಲದ ನಡುವೆ ಮಳೆ ಬಂದು ಹಿಮದೊಳಗೆ ಐಸ್ ತಗಡು ಕೂರತ್ತೆ, ನಾನು ಹೇಳಿದ ಎರಡು ಪದರದ ಹಿಮ ಅಷ್ಟು ನೀಟಾಗಿ ಸಿಗಲ್ಲ. ಅದೇ ಸಂಸ್ಥೇದು ಹಿಮಾಚಲದ ಸ್ಪಿತಿ ಕಡೆ 2016ರಲ್ಲಿ ಶುರುವಾದ ಹಿಮಾಂಶ್ ಅನ್ನೋ ನೆಲೆ ಇದೆ, ನಾಲ್ಕು ಸಾವಿರ ಮೀಟರ್ ಮೇಲೆ, ಚಳಿ, ಒಣ ಗಾಳಿ, ತೆಳ್ಳಗಿನ ಹಿಮ. ಪುಕಕ್ ನೋಡೋಕೆ ಇನೂವಿಕ್ಕಿಗೇ ಹೋಗ್ಬೇಕಿಲ್ಲ, ಉಷ್ಣಾಂಶದ ಇಳಿಜಾರು ಮೀಟರಿಗೆ ಇಪ್ಪತ್ತು ಡಿಗ್ರಿ ದಾಟೋ ಜಾಗ ಅಲ್ಲೂ ಸಿಗತ್ತೆ. ಅರ್ಜಿ ಹಾಕೋ ಮುಂಚೆ ಆ ಸೂರ್ಯನ ಓರೆ ಲೆಕ್ಕ ಮತ್ತು ಎಸ್‌ಎಸ್‌ಎಯಿಂದ ವ್ಯಾಸ ತೆಗೆಯೋ ಲೆಕ್ಕ ಎರಡನ್ನೂ ನೀವೇ ಕೂತು ಮಾಡಿ ನೋಡಿ. ವ್ಯಾಸ ಅಂದ್ರೆ ಆರನ್ನ ಎಸ್‌ಎಸ್‌ಎ ಮತ್ತು ಐಸಿನ ಸಾಂದ್ರತೆ 917ರ ಗುಣಲಬ್ಧದಿಂದ ಭಾಗಿಸೋದು, ನನಗೆ ಬಂದಿದ್ದೇ ನಿಮಗೂ ಬರ್ಬೇಕು, ಬರ್ಲಿಲ್ಲ ಅಂದ್ರೆ ಬರೀರಿ.